ಕಿವಿತಪ್ಪು

ಹಾಡನ್ನು ಕೇಳದೆ ಬೆಳೆದ ಮಗು ನಮ್ಮ ನಾಡಿನಲ್ಲಿ ಇರಲಾರದು. ತೊಟ್ಟಿಲಲ್ಲಿದ್ದಾಗ ಜೋಗುಳ, ಅಂಗಳಕ್ಕೆ ಬಂದಾಗ ಭಜನೆ, ಶಾಲೆಗೆ ಹೋದಾಗ ಪ್ರಾರ್ಥನೆ, ಜಾತ್ರೆಗೆ ಹೋದಾಗ ಸಿನಿಮಾ ಪದ—ಹೀಗೆ ಒಂದಿಲ್ಲೊಂದು ಹಾಡು ಅದರ ಕಿವಿಗೆ ಬೀಳುತ್ತಲೇ ಇರುತ್ತದೆ. ಆದರೆ ಕಿವಿಗೆ ಬಿದ್ದುದೆಲ್ಲವೂ ಬಿದ್ದಂತೆಯೇ ಬಾಯಿಂದ ಹೊರಡುವುದಿಲ್ಲ. ಕವಿ ಬರೆದುದು ಒಂದು, ಗಾಯಕನು ಹಾಡಿದುದು ಅದೇ, ಮಗು ತಿಳಿದುಕೊಂಡುದು ಮಾತ್ರ ಇನ್ನೊಂದು. ಮನೆಯವರು ನಗುತ್ತಾರೆ, ಬಂದ ಬೀಗರ ಮುಂದೆ ಅದನ್ನೇ ಮತ್ತೆ ಹಾಡಿಸುತ್ತಾರೆ, ಮಗು ದೊಡ್ಡದಾದ ಮೇಲೂ ಆ ಮಾತನ್ನು ತೆಗೆದು ಕೆಣಕುತ್ತಾರೆ. ಇಂಥ ನಗೆಯ ನೆನಪು ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದೆರಡಾದರೂ ಇದ್ದೇ ಇರುವುವು.

ಈ ಬಗೆಯ ತಪ್ಪಿಗೆ ಈ ಲೇಖನದ ಮಟ್ಟಿಗೆ ‘ಕಿವಿತಪ್ಪು’ ಎಂದು ಹೆಸರಿಡೋಣ. ಈ ಹೆಸರು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಕೊನೆಯಲ್ಲಿ ನೋಡಬಹುದು. ಕಿವಿತಪ್ಪಿನ ಬಗೆಗಳಾವುವು, ಅದಕ್ಕೆ ಕಾರಣವೇನು, ಅದರಿಂದ ನಾವು ಕಲಿಯಬೇಕಾದುದೇನು—ಇವು ಇಲ್ಲಿ ವಿಚಾರಿಸಬೇಕೆಂದಿರುವ ಮೂರು ಸಂಗತಿಗಳು. ವಿಷಯ ಸಣ್ಣದೆಂದು ವಾಚಕರು ತಿಳಿಯಬಾರದಾಗಿ ವಿನಂತಿ. ನನಗೂ ಮೊದಲು ಸಣ್ಣದೆಂದೇ ಅನಿಸಿತ್ತು.

ನಮ್ಮೂರು ಗುಡೂರು. ಬಾಗಲಕೋಟೆ ಜಿಲ್ಲೆಯಲ್ಲಿ ಬಾದಾಮಿ, ಹುನಗುಂದ, ಇಳಕಲ್ಲುಗಳ ನಡುವೆ ಇರುವ ಊರು. ನಮ್ಮ ಮನೆ ಮಗ್ಗದ ಓಣಿಯಲ್ಲಿದೆ. ಬೆಳಗಿನಿಂದ ಬೈಗಿನವರೆಗೆ ಲಾಳಿಯ ಸಪ್ಪಳ. ಆ ಸಪ್ಪಳದ ನಡುವೆಯೇ ರೇಡಿಯೋ, ಅದರ ನಡುವೆಯೇ ನಮ್ಮ ಮಾತು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಮುಂಜಾನೆ ಬಯಲಿನಲ್ಲಿ ಸಾಲಾಗಿ ನಿಂತು ರಾಷ್ಟ್ರಗೀತೆಯನ್ನು ಹಾಡುತ್ತಿದ್ದೆವು. ಅದರಲ್ಲಿ ಸಮುದ್ರವೆಂಬ ಅರ್ಥದ ‘ಜಲಧಿ’ ಎಂಬ ಶಬ್ದವಿದೆಯಷ್ಟೆ. ನಾನು ಅದನ್ನು ‘ಜಲ್ದಿ’ ಎಂದೇ ಹಾಡುತ್ತಿದ್ದೆನು. ಜಲ್ದಿ ಎಂದರೆ ನಮ್ಮ ಕಡೆ ಬೇಗ. “ಜಲ್ದಿ ಏಳೋ” ಎಂದು ತಾಯಿ ಎಬ್ಬಿಸುವಳು. “ಜಲ್ದಿ ಬರ್ರೆಪಾ” ಎಂದು ಗುರುಗಳು ಕರೆಯುವರು. ಹೀಗಿರಲು, ಗೀತೆ ಅರ್ಧಕ್ಕೆ ಬಂದಿದೆ, ಇನ್ನು ಬೇಗ ಬೇಗ ಹಾಡಿರಿ ಎಂದು ಗೀತೆಯೇ ನಮಗೆ ಹೇಳುತ್ತಿದೆಯೆಂದು ತಿಳಿದು, ಆ ಶಬ್ದ ಬಂದೊಡನೆ ನಾನು ಉಳಿದವರಿಗಿಂತ ಮುಂದೆ ಓಡುತ್ತಿದ್ದೆನು. ಪೂರ್ಣ ಗೀತೆಯನ್ನು ಸುಮಾರು ೫೨ ಸೆಕೆಂಡುಗಳಲ್ಲಿ ಹಾಡಬೇಕೆಂಬ ನಿಯಮವಿದೆಯೆಂದು ಮುಂದೆ ಗುರುಗಳು ಹೇಳಿದಾಗ, ನನ್ನ ಊಹೆ ನಿಜವಾಯಿತೆಂದು ಹಿಗ್ಗಿದೆನು! ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ಗೆಳೆಯನು ಬಂಗಾಳವೆಂಬ ಅರ್ಥದ ‘ವಂಗ’ವನ್ನು ‘ಮಂಗ’ ಮಾಡಿಕೊಂಡಿದ್ದನು. ಅವನು ಆ ವರುಷವೇ ಬಾದಾಮಿಯ ಗುಡ್ಡಕ್ಕೆ ಹೋಗಿ, ಕೈಯಲ್ಲಿದ್ದ ಬಾಳೆಹಣ್ಣನ್ನು ಮಂಗಗಳಿಗೆ ಒಪ್ಪಿಸಿ ಬಂದಿದ್ದನು. ದೇಶದ ಹಾಡಿನಲ್ಲಿ ಬಾದಾಮಿಯ ಮಂಗಗಳಿಗೂ ಒಂದು ಸ್ಥಾನ ಸಿಕ್ಕಿರುವುದು ಅವನಿಗೆ ನ್ಯಾಯವಾಗಿಯೇ ಕಂಡಿತ್ತು.

ನಗುವುದಕ್ಕೆ ಮೊದಲು ಒಂದು ಮಾತನ್ನು ನೆನೆಯಬೇಕು. ಆ ಗೀತೆ ರವೀಂದ್ರನಾಥ ಠಾಕೂರರು ಸಂಸ್ಕೃತ ಶಬ್ದಗಳು ತುಂಬಿದ ಬಂಗಾಳಿಯಲ್ಲಿ ಬರೆದುದು. ೧೯೧೧ರ ಡಿಸೆಂಬರ ೨೭ರಂದು ಕಲಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲ ಸಲ ಹಾಡಿದುದು. ೧೯೫೦ರ ಜನೇವರಿ ೨೪ರಂದು ರಾಷ್ಟ್ರಗೀತೆಯಾದುದು. ಗುಡೂರಿನ ಆರು ವರುಷದ ಹುಡುಗನು ಸಮುದ್ರವನ್ನು ಕಂಡವನಲ್ಲ; ‘ಜಲಧಿ’ ಎಂಬ ಶಬ್ದವನ್ನು ಮನೆಯಲ್ಲಿ ಕೇಳಿದವನಲ್ಲ. ಅವನಿಗೆ ಯಾರೂ ಅದರ ಅರ್ಥವನ್ನು ಹೇಳಲಿಲ್ಲ. ಅರ್ಥವಿಲ್ಲದ ಕಡೆ ಅವನು ತನ್ನದೇ ಒಂದು ಅರ್ಥವನ್ನು ಇಟ್ಟುಕೊಂಡನು. ಇಷ್ಟೇ ಅವನ ಅಪರಾಧ.

ಕಿವಿತಪ್ಪಿನ ಬಗೆಗಳು

ನನ್ನ ನೆನಪಿನಿಂದಲೂ, ಮನೆಯ ಹಿರಿಯರನ್ನೂ ಓಣಿಯ ಮಕ್ಕಳನ್ನೂ ಕೇಳಿದುದರಿಂದಲೂ ದೊರೆತ ಉದಾಹರಣೆಗಳನ್ನು ಕೂಡಿಸಿ ನೋಡಿದಾಗ ನನಗೆ ನಾಲ್ಕು ಬಗೆಗಳು ಕಂಡುಬಂದವು.

ಮೊದಲನೆಯದು, ತಿಳಿಯದ ಶಬ್ದದ ಸ್ಥಳದಲ್ಲಿ ತಿಳಿದ ಶಬ್ದವನ್ನು ಕೂಡ್ರಿಸುವುದು. ಮೇಲೆ ಹೇಳಿದ ‘ಜಲ್ದಿ’, ‘ಮಂಗ’ ಇವು ಈ ಜಾತಿಯವು. ಅಲ್ಲಮಪ್ರಭುವಿನ ವಚನಗಳ ಅಂಕಿತ ‘ಗುಹೇಶ್ವರ’ ಎಂಬುದು. ನಮ್ಮ ಓಣಿಯ ಹುಡುಗರು ಅದನ್ನು ‘ಗೂಗೇಶ್ವರ’ ಎನ್ನುತ್ತಿದ್ದೆವು. ನಮಗೆ ‘ಗವಿ’ ಗೊತ್ತು, ‘ಗುಹೆ’ ಗೊತ್ತಿಲ್ಲ. ಆದರೆ ರಾತ್ರಿ ಬೇವಿನ ಗಿಡದಲ್ಲಿ ಕೂತು ಕೂಗುವ ‘ಗೂಗಿ’ ಚೆನ್ನಾಗಿ ಗೊತ್ತು. ಅದಕ್ಕೂ ಒಬ್ಬ ದೇವರಿದ್ದರೆ ತಪ್ಪೇನು? ಇದಕ್ಕೆ ವಿರುದ್ಧವಾಗಿ, ಬಸವಣ್ಣನವರ ಅಂಕಿತವಾದ ‘ಕೂಡಲಸಂಗಮದೇವ’ವನ್ನು ನಮ್ಮ ಊರಿನ ಮಕ್ಕಳಲ್ಲಿ ಒಬ್ಬರೂ ತಪ್ಪಾಗಿ ಹಾಡಿದ್ದನ್ನು ನಾನು ಕೇಳಿಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ಆ ಕ್ಷೇತ್ರ ನಮ್ಮ ಸಮೀಪದ್ದು. ಅಲ್ಲಿ ಮಿಂದು ಬಂದ ಮಕ್ಕಳು ನಾವು. ಅಂಕಿತಗಳೆರಡೂ ಹನ್ನೆರಡನೆಯ ಶತಮಾನದವು, ಎರಡರಲ್ಲಿಯೂ ಸಂಸ್ಕೃತ ಶಬ್ದಗಳಿವೆ. ಕಂಡ ಸ್ಥಳದ ಹೆಸರು ಕೆಡಲಿಲ್ಲ. ಕಾಣದುದರ ಹೆಸರು ಕೆಟ್ಟಿತು.

ಎರಡನೆಯದು, ಶಬ್ದವನ್ನು ಒಡೆಯಬಾರದ ಕಡೆ ಒಡೆಯುವುದು. ಕುವೆಂಪು ಅವರ ನಾಡಗೀತೆಯಲ್ಲಿ ಮಗಳೆಂಬ ಅರ್ಥದ ‘ತನುಜಾತೆ’ ಎಂಬ ಶಬ್ದವಿದೆ. ಇದನ್ನು ನಮ್ಮ ಮಕ್ಕಳು ನಡುವೆ ಒಡೆದು, ಹಿಂದಿನ ತುಂಡನ್ನು ‘ಜಾತ್ರೆ’ ಮಾಡುತ್ತಾರೆ. ‘ತನು’ ಎಂದರೆ ಏನೆಂದು ಕೇಳಿದರೆ ಒಬ್ಬ ಹುಡುಗಿಯ ಹೆಸರೆನ್ನುತ್ತಾರೆ. ಅಂತೂ ‘ತನು’ವಿನ ‘ಜಾತ್ರೆ’ ಪ್ರತಿದಿನವೂ ಶಾಲೆಯ ಅಂಗಳದಲ್ಲಿ ನಡೆಯುತ್ತದೆ. ಹಾಗೆಯೇ ರಾಷ್ಟ್ರಗೀತೆಯ ‘ಹಿಮಾಚಲ’ವನ್ನು ‘ಹಿಮಾ ಚಲೋ’ ಎಂದು ಒಡೆದವರೂ ಉಂಟು. ‘ಚಲೋ’ ಎಂದರೆ ನಮ್ಮ ಮಾತಿನಲ್ಲಿ ಒಳ್ಳೆಯದು. ಹಿಮಾ ಎಂಬವಳು ಒಳ್ಳೆಯವಳೆಂದು ಅರ್ಥವಾಯಿತು.

ಮೂರನೆಯದು, ಶಬ್ದ ಸರಿಯಾಗಿಯೇ ಕೇಳಿಸಿದರೂ ವ್ಯಾಕರಣವನ್ನು ಬೇರೆಯಾಗಿ ತಿಳಿಯುವುದು. ಸಂತ ಶಿಶುನಾಳ ಶರೀಫರ (೧೮೧೯–೧೮೮೯) ‘ಕೋಡಗನ ಕೋಳಿ’ ಎಂಬ ಪದವನ್ನು ಸಿ. ಅಶ್ವಥ್ ಅವರ ಕಂಠದಿಂದ ನಾಡೆಲ್ಲ ಕೇಳಿದೆ. ಕೋಡಗ ಎಂದರೆ ಮಂಗ. ಕೋಳಿಯು ಮಂಗನನ್ನು ನುಂಗಿತೆಂಬುದು ಅಲ್ಲಿನ ಒಗಟು. ಆದರೆ ಅನೇಕರು ಇದನ್ನು ಕೋಡಗನೆಂಬವನಿಗೆ ಸೇರಿದ ಕೋಳಿ ಎಂದು ತಿಳಿದು ಹಾಡುತ್ತಾರೆ. ಪುಸ್ತಕದ ಕನ್ನಡದಲ್ಲಿ ‘ಕೋಡಗನನ್ನು’ ಎಂದಿರಬೇಕಾದಲ್ಲಿ ಶರೀಫರು ‘ಕೋಡಗನ’ ಎಂದಿದ್ದಾರೆ. ಅದನ್ನು ಷಷ್ಠೀ ವಿಭಕ್ತಿಯೆಂದು ಭ್ರಮಿಸುವುದರಿಂದ ಈ ತಪ್ಪು. ಇಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ಆಡುಮಾತಿನಲ್ಲಿ “ಅವನನ್ನು ಕರೆ” ಎನ್ನುವುದಿಲ್ಲ, “ಅವನ್ನ ಕರಿ” ಎನ್ನುತ್ತೇವೆ. ಬೇಗ ನುಡಿದಾಗ “ಅವನ ಕರಿ” ಎಂದೇ ಆಗುತ್ತದೆ. ಶರೀಫರ ವ್ಯಾಕರಣ ನಮ್ಮ ಅಜ್ಜಿಯರ ಬಾಯಲ್ಲಿ ಇಂದಿಗೂ ಜೀವಂತವಾಗಿದೆ. ಆದುದರಿಂದ ಈ ಪದದ ಮಟ್ಟಿಗೆ ದೊಡ್ಡ ಪಟ್ಟಣದ ಕಿವಿಗಿಂತ ಹಳ್ಳಿಯ ಕಿವಿಯೇ ಸರಿಯಾಗಿ ಕೇಳುವುದು. ಕಿವಿತಪ್ಪು ಹಳ್ಳಿಯವರ ಸೊತ್ತೆಂದು ತಿಳಿಯುವವರು ಇದನ್ನು ಗಮನಿಸಬೇಕು.

ನಾಲ್ಕನೆಯದು, ತಿಳಿಯದ ಭಾಷೆಯ ಹಾಡು. ಇದಕ್ಕೆ ನಮ್ಮ ಆಯಿಯೇ ಸಾಕ್ಷಿ. ೧೯೫೨ರಲ್ಲಿ ರೇಡಿಯೋ ಸಿಲೋನಿನಿಂದ ಬಿನಾಕಾ ಗೀತಮಾಲಾ ಆರಂಭವಾಯಿತು. ೧೯೫೭ರಲ್ಲಿ ಆಕಾಶವಾಣಿಯ ವಿವಿಧ ಭಾರತಿ ಬಂದಿತು. ಅಂದಿನಿಂದ ಹಿಂದಿಯ ಒಂದಕ್ಷರವೂ ಬಾರದ ಮನೆಗಳಲ್ಲಿಯೂ ಹಿಂದಿ ಹಾಡು ಹೊಕ್ಕಿತು. ಪ್ರಿಯತಮನೆಂಬ ಅರ್ಥದ ‘ಬಾಲಮ’ ಎಂಬ ಶಬ್ದ ಆ ಹಾಡುಗಳಲ್ಲಿ ಪದೇ ಪದೇ ಬರುವುದು. ಆಯಿ ಅದನ್ನು ‘ಬಾಳಮ್ಮ’ ಎಂದು ಕೇಳಿ, “ಪಾಪ, ಆಕಿ ಎಲ್ಲಿ ಹೋಗ್ಯಾಳೋ, ಇಷ್ಟ ಮಂದಿ ಕರದರೂ ಓ ಅನ್ನವಲ್ಲಳು” ಎಂದು ಮರುಗುತ್ತಿದ್ದಳಂತೆ. ಇನ್ನೊಮ್ಮೆ ಸಂಬಂಧಿಕರ ಮದುವೆಯಲ್ಲಿ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಿಂದ ‘ಸಾವನ’ ಎಂದು ಕೇಳಿಬಂದಿತು. ಆಯಿ ಎದ್ದು ನಿಂತು, “ಮದಿವಿ ಮನ್ಯಾಗ ಸಾವಿನ ಹಾಡ ಯಾಕ ಹಚ್ಚೀರೋ? ತಗೀರಿ ಅದನ್ನ” ಎಂದು ನಿಲ್ಲಿಸಿಬಿಟ್ಟಳು. ಹಿಂದಿಯ ‘ಸಾವನ’ ಎಂಬುದು ನಮ್ಮ ‘ಶ್ರಾವಣ’ ಶಬ್ದವೇ ಸವೆದು ಆದುದು. ಆಯಿಗೆ ಶ್ರಾವಣವೆಂದರೆ ಎಷ್ಟು ಭಕ್ತಿ! ಆ ತಿಂಗಳೆಲ್ಲ ಗುಡಿಯಲ್ಲಿ ಪುರಾಣ ಕೇಳಲು ಹೋಗುವವಳು. ತನ್ನ ಪ್ರೀತಿಯ ತಿಂಗಳೇ ವೇಷ ಬದಲಿಸಿ ಬಾಗಿಲಿಗೆ ಬಂದಾಗ ಗುರುತಿಸಲಾರದೆ ಹೊರಗೆ ಹಾಕಿದಳು.

ಹೊರಗಿನ ಸಾಕ್ಷ್ಯ

ಇದು ನಮ್ಮೊಬ್ಬರ ಪಾಡಲ್ಲ. ಅಮೆರಿಕದ ಲೇಖಕಿ ಸಿಲ್ವಿಯಾ ರೈಟ್ ೧೯೫೪ರಲ್ಲಿ ಹಾರ್ಪರ್ಸ್ ಎಂಬ ಮಾಸಪತ್ರಿಕೆಯಲ್ಲಿ ತನ್ನ ಬಾಲ್ಯದ ಒಂದು ಅನುಭವವನ್ನು ಬರೆದಳು. ತಾಯಿ ಓದಿ ಹೇಳುತ್ತಿದ್ದ ಸ್ಕಾಟ್ಲೆಂಡಿನ ಒಂದು ಲಾವಣಿಯಲ್ಲಿ, ವೀರನೊಬ್ಬನನ್ನು ಕೊಂದು ಹಸುರಿನ ಮೇಲೆ ಮಲಗಿಸಿದರೆಂಬ ಮಾತಿತ್ತು. ಆ ಮಾತು ಮಗುವಿಗೆ ‘ಲೇಡಿ ಮಾಂಡಗ್ರೀನ್’ ಎಂಬ ಒಬ್ಬ ಸ್ತ್ರೀಯ ಹೆಸರಾಗಿ ಕೇಳಿಸಿತು. ಆ ವೀರನೊಡನೆ ಒಬ್ಬ ಸಾಧ್ವಿಯೂ ಪ್ರಾಣಬಿಟ್ಟಳೆಂದು ಅವಳು ಬಹುಕಾಲ ನಂಬಿದ್ದಳು. ಈ ಲೇಖನದಿಂದಾಗಿ ಇಂಥ ತಪ್ಪಿಗೆ ಇಂಗ್ಲಿಷಿನಲ್ಲಿ ‘ಮಾಂಡಗ್ರೀನ್’ ಎಂಬ ಹೆಸರೇ ಬಂದು, ೨೦೦೮ರಲ್ಲಿ ಮೆರಿಯಂ–ವೆಬ್‌ಸ್ಟರ್ ನಿಘಂಟನ್ನೂ ಸೇರಿತು. ಇರದ ಹೆಂಗಸೊಬ್ಬಳು ನಿಘಂಟಿನಲ್ಲಿ ಅಮರಳಾದಳು!

ದೊಡ್ಡವರೂ ಇದಕ್ಕೆ ಹೊರತಲ್ಲ. ನಮ್ಮ ದೇಶದಲ್ಲಿದ್ದ ಇಂಗ್ಲಿಷ್ ಸೈನಿಕರು ಮೊಹರಮ್ಮಿನ ಮೆರವಣಿಗೆಯಲ್ಲಿ ಹಸನ್ ಹುಸೇನರನ್ನು ಕೂಗಿ ಶೋಕಿಸುವುದನ್ನು ಕೇಳಿ, ಅದನ್ನು ‘ಹಾಬ್ಸನ್–ಜಾಬ್ಸನ್’ ಎಂಬ ತಮ್ಮ ದೇಶದ ಎರಡು ಅಡ್ಡಹೆಸರುಗಳಾಗಿ ಮಾಡಿಕೊಂಡರು. ೧೮೮೬ರಲ್ಲಿ ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ಭಾರತದಿಂದ ಇಂಗ್ಲಿಷಿಗೆ ಹೋದ ಶಬ್ದಗಳ ಕೋಶವೊಂದನ್ನು ಪ್ರಕಟಿಸಿದಾಗ ಅದಕ್ಕೆ ಇದೇ ಹೆಸರನ್ನಿಟ್ಟರು. ಒಂದು ಇಡೀ ಜನತೆಯೂ ಹೀಗೆ ಮಾಡುವುದುಂಟು. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳು, ಅದರಿಂದ ಬೆಂದಕಾಳೂರು, ಅದರಿಂದ ಬೆಂಗಳೂರು ಎಂಬ ಕಥೆಯನ್ನು ನಾವೆಲ್ಲ ಓದಿದ್ದೇವೆ. ಆದರೆ ಬೇಗೂರಿನಲ್ಲಿ ದೊರೆತ, ಸುಮಾರು ೮೯೦ನೆಯ ಇಸವಿಯದೆಂದು ಹೇಳಲಾದ ಶಾಸನದಲ್ಲಿಯೇ ಬೆಂಗಳೂರೆಂಬ ಹೆಸರಿದೆ. ಬಲ್ಲಾಳನು ಹುಟ್ಟಿದುದು ಅದಕ್ಕೂ ಎಷ್ಟೋ ತಲೆಮಾರುಗಳ ಅನಂತರ. ಅರ್ಥವಾಗದ ಹೆಸರಿಗೆ ಜನರು ಅರ್ಥವಾಗುವ ಕಥೆಯನ್ನು ಕಟ್ಟಿದರು. ‘ಜಲ್ದಿ’ ಎಂದ ಹುಡುಗನು ಮಾಡಿದುದೂ ಇದನ್ನೇ.

ಕಾರಣಗಳು

ಮಾತಿನಲ್ಲಿ ಆಗದಷ್ಟು ತಪ್ಪು ಹಾಡಿನಲ್ಲಿ ಏಕಾಗುತ್ತದೆ? ಕನ್ನಡದಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುವುದು. ಹಾಡುವವನು ತಾಳಕ್ಕಾಗಿ ಹ್ರಸ್ವವನ್ನು ಎಳೆಯುತ್ತಾನೆ, ದೀರ್ಘವನ್ನು ಮೊಟಕು ಮಾಡುತ್ತಾನೆ. ಆಗ ಕಿವಿಗೆ ಆಧಾರವಾಗಿದ್ದ ಒಂದು ಗುರುತೇ ಅಳಿಸಿಹೋಗುತ್ತದೆ. ಸಾಲದುದಕ್ಕೆ ತಾಳವು ಶಬ್ದದ ನಡುವೆ ಬಿದ್ದು ಅದನ್ನು ಎರಡು ಹೋಳು ಮಾಡುವುದುಂಟು. ಸಂಧಿ ಸಮಾಸಗಳು ಎರಡು ಶಬ್ದಗಳನ್ನು ಬೆಸೆದು ಒಂದು ಮಾಡುವುದೂ ಉಂಟು. ಎಲ್ಲಿ ಕಡಿಯಬೇಕೆಂಬುದು ಅರ್ಥ ಬಲ್ಲವನಿಗೆ ಮಾತ್ರ ಗೊತ್ತು.

ಎರಡನೆಯ ಕಾರಣ, ಪುಸ್ತಕದ ಕನ್ನಡಕ್ಕೂ ಮನೆಯ ಕನ್ನಡಕ್ಕೂ ಇರುವ ಅಂತರ. ಮಹಾಪ್ರಾಣವನ್ನು ನಮ್ಮ ಆಡುಮಾತು ಹೆಚ್ಚಾಗಿ ಉಚ್ಚರಿಸುವುದಿಲ್ಲ, ‘ಜಲಧಿ’ ‘ಜಲದಿ’ಯಾಗುತ್ತದೆ. ನಡುವಿನ ಸ್ವರವನ್ನು ನುಂಗುತ್ತದೆ, ‘ಜಲದಿ’ ‘ಜಲ್ದಿ’ಯಾಗುತ್ತದೆ. ಕೊನೆಯ ಎಕಾರವನ್ನು ಇಕಾರ ಮಾಡುತ್ತದೆ; ಪುಸ್ತಕದ ‘ಮನೆ’ ನಮ್ಮಲ್ಲಿ ‘ಮನಿ’, ಬಿದಿರುಕೋಲಿನ ‘ಗಣೆ’ ನಮ್ಮಲ್ಲಿ ‘ಗಣಿ’. ಹೀಗೆ ಮಗುವಿನ ತಪ್ಪು ಮನ ಬಂದಂತೆ ಆದುದಲ್ಲ. ಅದು ಊರಿನ ಮಾತಿನ ನಿಯಮವನ್ನು ಅನುಸರಿಸಿಯೇ ಆದುದು. ತಪ್ಪಿನಿಂದ ಊರನ್ನು ಕಂಡುಹಿಡಿಯಬಹುದು.

ಮೂರನೆಯ ಕಾರಣ, ನಮ್ಮ ಮನಸ್ಸು ಕೇಳುವ ರೀತಿ. ೧೯೭೦ರಲ್ಲಿ ರಿಚರ್ಡ್ ವಾರನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ಒಂದು ಪ್ರಯೋಗವನ್ನು ಪ್ರಕಟಿಸಿದನು. ಧ್ವನಿಮುದ್ರಿಸಿದ ವಾಕ್ಯವೊಂದರಿಂದ ಒಂದು ಧ್ವನಿಯನ್ನು ಕತ್ತರಿಸಿ ತೆಗೆದು ಅಲ್ಲಿ ಕೆಮ್ಮಿನ ಸದ್ದನ್ನು ಇಟ್ಟನು. ಕೇಳಿದವರಲ್ಲಿ ಬಹುತೇಕ ಎಲ್ಲರೂ ವಾಕ್ಯ ಪೂರ್ಣವಾಗಿಯೇ ಇತ್ತೆಂದರು. ಇಲ್ಲದ ಧ್ವನಿಯನ್ನು ಅವರ ಮನಸ್ಸು ತಾನೇ ತುಂಬಿಕೊಂಡಿತ್ತು. ಎಂದರೆ ನಾವು ಕಿವಿಯಿಂದ ಅರ್ಧ ಕೇಳುತ್ತೇವೆ, ಉಳಿದರ್ಧವನ್ನು ತಿಳಿವಳಿಕೆಯಿಂದ ಕೇಳುತ್ತೇವೆ. ಲಾಳಿಯ ಸಪ್ಪಳದಲ್ಲಿಯೂ ನೇಯುವವರು ಒಬ್ಬರೊಡನೊಬ್ಬರು ಮಾತಾಡಿಕೊಳ್ಳುವುದು ಇದರಿಂದಲೇ ಸಾಧ್ಯ. ದೊಡ್ಡವರ ಮನಸ್ಸಿನ ಕಣಜದಲ್ಲಿ ಶಬ್ದಗಳು ಬಹಳ; ತಕ್ಕುದನ್ನು ತೆಗೆದು ತುಂಬುತ್ತಾರೆ. ಮಗುವಿನ ಕಣಜ ಸಣ್ಣದು, ಇದ್ದುದರಲ್ಲಿಯೇ ತುಂಬುತ್ತದೆ. ಆದರೆ ತುಂಬದೆ ಬಿಡುವುದಿಲ್ಲ. ಈ ಮಾತನ್ನು ಒತ್ತಿ ಹೇಳಲು ನನಗೊಂದು ಕಾರಣವಿದೆ.

ನಗಬಾರದಾಗಿದ್ದ ಒಂದು ಹಾಡು

ನನ್ನ ಕಾಕಾನ ಮಗಳು ಆಗ ಎರಡನೆಯ ಇಯತ್ತೆಯಲ್ಲಿದ್ದಳು. ೨೦೦೪ರಲ್ಲಿ ನಾಡಗೀತೆಯಾಗಿ ಅಂಗೀಕೃತವಾದ ಕುವೆಂಪು ಅವರ ಆ ಹಾಡನ್ನು ಎಲ್ಲ ಮಕ್ಕಳಂತೆ ಅವಳೂ ಶಾಲೆಯಿಂದ ತಂದಿದ್ದಳು. ರಾಗ ಎಳ್ಳಷ್ಟೂ ತಪ್ಪುತ್ತಿರಲಿಲ್ಲ. ಶಬ್ದಗಳು ಮಾತ್ರ ಇರಲೇ ಇಲ್ಲ. ಆ, ಎ, ಓ ಎಂಬ ಸ್ವರಗಳು, ನಡುನಡುವೆ ಒಂದು ಮ, ಒಂದು ನ—ಇಷ್ಟೇ. ಮನೆಗೆ ಯಾರು ಬಂದರೂ “ಯವ್ವಾ, ಆ ಹಾಡ ಒಂದ ಸಲ ಹಾಡಿ ತೋರ್ಸ” ಎನ್ನುವೆವು, ಅವಳು ಹಾಡುವಳು, ನಾವು ಹೊಟ್ಟೆ ಹಿಡಿದು ನಗುವೆವು, ನಮ್ಮನ್ನು ನೋಡಿ ಅವಳೂ ನಗುವಳು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು. ಅದನ್ನು ಮೊಬೈಲಿನಲ್ಲಿ ಹಿಡಿದು ಬೀಗರ ಮನೆಗೂ ಕಳುಹಿಸಿದೆನು. ಶಾಲೆಯಲ್ಲಿ ಅವಳಿಗೆ ಪಾಠದ ಕಡೆ ಲಕ್ಷ್ಯವಿಲ್ಲವೆಂದು ಹೇಳಿ ಹಿಂದಿನ ಸಾಲಿನಲ್ಲಿ ಕೂಡ್ರಿಸಿದ್ದರು. ಬರಬರುತ್ತ ಅವಳು ಹಾಡುವುದನ್ನು ನಿಲ್ಲಿಸಿದಳು. ನಾಚಿಕೆ ಬಂದಿದೆ, ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡೆವು.

ಮಳೆಗಾಲ ಬಂದಾಗಲೆಲ್ಲ ಅವಳ ಕಿವಿ ಸೋರುತ್ತಿತ್ತು. ಆಯಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಬಿಡುತ್ತಿದ್ದಳು. ಸೋರಿಕೆಯನ್ನೂ ಹಾಡನ್ನೂ ಯಾರೂ ಕೂಡಿಸಿ ನೋಡಲಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂದು ೨೦೧೩ರಲ್ಲಿ ಆರಂಭವಾದ ಯೋಜನೆಯ ತಂಡವೊಂದು ಶಾಲೆಗೆ ಬಂದಾಗ, ಅದರಲ್ಲಿದ್ದ ವೈದ್ಯರು ಅವಳ ಹಿಂದೆ ನಿಂತು ಮೆಲ್ಲನೆ ಕೆಲವು ಶಬ್ದಗಳನ್ನು ಹೇಳಿ, ತಿರುಗಿ ಹೇಳಲು ಕೇಳಿದರು. ಮುಂದೆ ನಿಂತು ತುಟಿ ಕಾಣುವಂತೆ ಹೇಳಿದಾಗ ಹೇಳಿದಳು. ಹಿಂದೆ ನಿಂತು ಹೇಳಿದಾಗ ಸುಮ್ಮನೆ ನಿಂತಳು. ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲು ಚೀಟಿ ಬರೆದರು. ಎರಡೂ ಕಿವಿಗಳ ತಮಟೆಯಲ್ಲಿ ತೂತುಗಳಿದ್ದವು. “ಎಷ್ಟು ದಿನದಿಂದ ಹೀಗೆ?” ಎಂದು ಅಲ್ಲಿಯ ವೈದ್ಯರು ಕೇಳಿದಾಗ ಕಾಕಾ ಉತ್ತರ ಕೊಡಲಾರದೆ ಹೋದನು. ಉತ್ತರ ನನ್ನ ಮೊಬೈಲಿನಲ್ಲಿತ್ತು. ಅದಕ್ಕೆ ತಾರೀಖೂ ಇತ್ತು. ಒಂದೂವರೆ ವರುಷದ ಹಿಂದಿನದು.

ಅಂದು ರಾತ್ರಿ ಅದನ್ನು ಮತ್ತೆ ಹಾಕಿ ಕೇಳಿದೆನು. ನಗೆ ಬರಲಿಲ್ಲ. ಕಿವಿ ಸರಿಯಿದ್ದ ನಾನು ತಿಳಿಯದ ಶಬ್ದದ ಸ್ಥಳದಲ್ಲಿ ‘ಜಲ್ದಿ’ ಎಂಬ ಮನೆಯ ಶಬ್ದವನ್ನು ಇಟ್ಟಿದ್ದೆನು. ಗೆಳೆಯನು ಮಂಗವನ್ನು ಇಟ್ಟಿದ್ದನು. ನನ್ನ ತಂಗಿ ಏನನ್ನೂ ಇಟ್ಟಿರಲಿಲ್ಲ. ಸ, ಶ, ತ, ಕ, ಪ ಮುಂತಾದ ವ್ಯಂಜನಗಳು ಮಾತಿನಲ್ಲಿ ಬಹು ಮೆಲ್ಲನೆಯ ಧ್ವನಿಗಳು, ಸ್ವರಗಳು ಬಲವಾದವು. ಕಿವಿ ಮಂದವಾದಾಗ ಮೆಲ್ಲನೆಯವು ಮೊದಲು ಕಳೆದುಹೋಗುತ್ತವೆ. ತುಂಬಿಕೊಳ್ಳುವುದಕ್ಕೂ ಮನಸ್ಸಿಗೆ ಒಂದಷ್ಟು ಆಧಾರ ಬೇಕು; ಅವಳಿಗೆ ಅಷ್ಟೂ ಮುಟ್ಟುತ್ತಿರಲಿಲ್ಲ. ನಮ್ಮದು ಶಬ್ದ ಬದಲಾದ ಹಾಡು. ಅವಳದು ತೂತು ಬಿದ್ದ ಹಾಡು. ಅವಳು ತನಗೆ ಕೇಳಿಸಿದುದನ್ನು ಚಾಚೂ ತಪ್ಪದೆ ಹಾಡಿ ತೋರಿಸುತ್ತಿದ್ದಳು. ಕೇಳಿಸಿಕೊಳ್ಳದವರು ನಾವು.

ಔಷಧದಿಂದ ಕಿವಿ ಒಣಗಿತು. ಮುಂದೆ ತಮಟೆಯ ತೂತನ್ನು ಮುಚ್ಚುವ ಶಸ್ತ್ರಕ್ರಿಯೆಯೂ ಒಂದಾದ ಮೇಲೊಂದು ಕಿವಿಗೆ ಆಯಿತು. ಮನೆಗೆ ಬಂದ ಕೆಲವು ವಾರಗಳ ತರುವಾಯ ಒಂದು ಮುಂಜಾನೆ ಅವಳು ಪಡಸಾಲೆಯಲ್ಲಿ ನಿಂತು, “ಅಣ್ಣಾ, ಮಗ್ಗ ಮೊದಲಿಂದಾನೂ ಇಷ್ಟ ಜೋರ ಸಪ್ಪಳ ಮಾಡತಿತ್ತೇನೋ?” ಎಂದು ಕೇಳಿದಳು.

ನಾವು ಮಾಡಬಹುದಾದುದು

ನಮ್ಮ ಕಾಲೇಜಿನಿಂದ ಹೊರಬೀಳುವವರಲ್ಲಿ ಎಷ್ಟೋ ಜನ ಮುಂದೆ ಬಿ.ಎಡ್. ಮಾಡಿ ಶಿಕ್ಷಕರಾಗುವವರು. ಉಳಿದವರು ತಾಯಿತಂದೆಗಳಾಗುವವರು. ಆದುದರಿಂದ ಮೂರು ಸೂಚನೆಗಳನ್ನು ನಮ್ರತೆಯಿಂದ ಮುಂದಿಡುತ್ತೇನೆ.

ಹಾಡನ್ನು ಕಲಿಸುವ ಮೊದಲು ಕಠಿಣ ಶಬ್ದಗಳನ್ನು ಹಲಗೆಯ ಮೇಲೆ ಬರೆದು ಅರ್ಥ ಹೇಳಬೇಕು. ನಾಡಗೀತೆಯನ್ನು ೨ ನಿಮಿಷ ೩೦ ಸೆಕೆಂಡುಗಳಲ್ಲಿ ಹಾಡಬೇಕೆಂದು ೨೦೨೨ರಲ್ಲಿ ಸರಕಾರ ಗೊತ್ತುಪಡಿಸಿತು. ಹಾಡುವುದಕ್ಕೆ ಇಷ್ಟು ಹೊತ್ತನ್ನು ಪ್ರತಿದಿನ ಕೊಡುವ ನಾವು, ವರುಷಕ್ಕೊಮ್ಮೆ ಅದರ ಅರ್ಥಕ್ಕೆ ಒಂದು ತಾಸನ್ನು 
ಕೊಡಲಾರೆವೆ?

ಎರಡನೆಯದು, ಮಗು ತಪ್ಪಾಗಿ ಹಾಡಿದಾಗ ಒಡನೆ ತಿದ್ದದೆ, “ಹಂಗಂದ್ರ ಏನ?” ಎಂದು ಕೇಳಬೇಕು. ಮಗು ಕೊಡುವ ಉತ್ತರದಲ್ಲಿ ಅದರ ಮನೆಯ ಮಾತು, ಊರು, ಕಂಡ ಲೋಕ ಎಲ್ಲವೂ ಇರುತ್ತದೆ. ತಿದ್ದುವುದು ಆಮೇಲೆ ಇದ್ದೇ ಇದೆ. ನಮ್ಮ ಕನ್ನಡ ವಿಭಾಗದ ಗೆಳೆಯರು ತಮ್ಮ ತಮ್ಮ ಊರಿನ ಇಂಥ ತಪ್ಪುಗಳನ್ನು ಕೂಡಿಸಿದರೆ ಆಡುಮಾತಿನ ಅಭ್ಯಾಸಕ್ಕೆ ಅದೊಂದು ಒಳ್ಳೆಯ ಸಾಮಗ್ರಿಯಾದೀತು.

ಮೂರನೆಯದು ಎಲ್ಲಕ್ಕೂ ಮುಖ್ಯ. ಮಗುವಿನ ತಪ್ಪಿನಲ್ಲಿ ಬೇರೆ ಶಬ್ದವಿದ್ದರೆ ನಗಬಹುದು. ಶಬ್ದವೇ ಇಲ್ಲದೆ ಬರಿಯ ರಾಗವಿದ್ದರೆ, ಕರೆದಾಗ ಓಗೊಡದಿದ್ದರೆ, “ಆಂ? ಆಂ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದರೆ, ಮುಖ ನೋಡಿದಾಗ ಮಾತ್ರ ತಿಳಿಯುತ್ತಿದ್ದರೆ, ಕಿವಿ ಸೋರುತ್ತಿದ್ದರೆ—ನಗೆಯನ್ನು ಬಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಣ್ಣೆಯನ್ನು ಬಿಡಬಾರದು. ಹಿಂದಿನ ಸಾಲಿನಲ್ಲಿರುವ ಮಗುವನ್ನು ಮುಂದಿನ ಸಾಲಿಗೆ ತರುವುದಕ್ಕೆ ಯಾವ ಖರ್ಚೂ ಇಲ್ಲ.

ಇನ್ನು ಆರಂಭದಲ್ಲಿ ಇಟ್ಟ ಹೆಸರಿನ ವಿಚಾರ. ‘ಕಿವಿತಪ್ಪು’ ಎಂದೆನು. ಆದರೆ ನಾಲ್ಕು ಬಗೆಗಳಲ್ಲಿ ಒಂದರಲ್ಲಿಯೂ ತಪ್ಪು ಕಿವಿಯದಾಗಿರಲಿಲ್ಲ. ಅಲ್ಲಿ ಮಗುವಿನ ಬುದ್ಧಿ ಅರ್ಥಕ್ಕಾಗಿ ದುಡಿಯುತ್ತಿತ್ತು. ಕಿವಿಯದೇ ತೊಂದರೆಯಿದ್ದ ಒಂದೇ ಒಂದು ಹಾಡಿನಲ್ಲಿ ತಪ್ಪು ನಕ್ಕವರದಾಗಿತ್ತು. ಆದುದರಿಂದ ಹೆಸರು ಸರಿಯಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಕಳೆದ ನವೆಂಬರದಲ್ಲಿ ರಾಜ್ಯೋತ್ಸವದ ಹಿಂದಿನ ರಾತ್ರಿ ತಂಗಿ ನಾಡಗೀತೆಯನ್ನು ಹಾಡಿಕೊಳ್ಳುತ್ತಿದ್ದಳು. ಶಬ್ದಗಳೆಲ್ಲ ಸ್ಪಷ್ಟವಾಗಿದ್ದವು. ಹೊನ್ನು ಸಿಗುವ ‘ಗಣಿ’ಯ ಮಾತು ಬಂದಲ್ಲಿ ನಿಲ್ಲಿಸಿ, “ಅಣ್ಣಾ, ಬಂಗಾರದ ಗಣಿ ಅಂದ್ರ ನಂದಿಕೋಲಿನಷ್ಟ ಉದ್ದ ಇರತೈತೇನೋ?” ಎಂದು ಕೇಳಿದಳು. ಅವಳು ಬಿದಿರಿನ ಗಣಿಯನ್ನು ನೆನೆದಿದ್ದಳು. ಶಬ್ದ ಪೂರ್ತಿಯಾಗಿ ಕಿವಿಗೆ ಮುಟ್ಟಿತ್ತು. ಅರ್ಥವನ್ನು ಮನೆಯಿಂದ ತಂದು ತುಂಬಿದ್ದಳು. ಆಯಿ ನಕ್ಕಳು, ಕಾಕಾ ನಕ್ಕನು, ನಾನೂ ನಕ್ಕೆನು. ಈ ಸಲ ನಾವು ನಗಬಹುದಾಗಿತ್ತು.